ಈರೀ ಸರೋವರ: ಪಾಚಿ ಹಾವಳಿ, ರಂಜಕ ಮಾಲಿನ್ಯ

1. ಸ್ಥಳ: ಅಮೆರಿಕ–ಕೆನಡಾ ಗಡಿ. ಪಂಚ ಮಹಾಸರೋವರಗಳಲ್ಲಿ ಅತಿ ಕಡಿಮೆ ಆಳದ್ದು. ಮೆಕ್ಕೆಜೋಳ, ಸೋಯಾ ಹೊಲಗಳ ರಂಜಕ ಮೌಮೀ ನದಿ ಮೂಲಕ ಪಶ್ಚಿಮ ಭಾಗಕ್ಕೆ ಸೇರಿ ಪಾಚಿಗೆ ಆಹಾರವಾಗುತ್ತದೆ.

2. ಆಗಸ್ಟ್ 2014: ಈ ಸರೋವರದ ನೀರು ಬಳಸುವ ಟೊಲಿಡೊ ನಗರದ ನಲ್ಲಿ ನೀರಿನಲ್ಲಿ ನೀಲಿ-ಹಸಿರು ಪಾಚಿಯ ಮೈಕ್ರೊಸಿಸ್ಟಿನ್ ವಿಷ, ಸುಮಾರು 5 ಲಕ್ಷ ಜನರಿಗೆ ಕುಡಿಯದಂತೆ ಸೂಚನೆ. ಕುದಿಸಿದರೆ ವಿಷ ಹೋಗದು, ನೀರು ಆವಿಯಾಗಿ ಸಾಂದ್ರತೆ ಹೆಚ್ಚುತ್ತದೆ. ಪರೀಕ್ಷೆಯ ಹೇಳಿಕೆ–ಕಾರಣ ಮಾದರಿ ಪ್ರಶ್ನೆಗೆ ಹೇಳಿ ಮಾಡಿಸಿದ ಅಂಶ, ಬಿಡಬೇಡಿ.

3. ಗೊಂದಲ ಬೇಡ:
• ‘ನೀಲಿ-ಹಸಿರು ಪಾಚಿ’ ನಿಜವಾದ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ.
• ಪಾಚಿ ಬೆಳವಣಿಗೆಗೆ ಸಿಹಿನೀರಿನಲ್ಲಿ ಸಾಮಾನ್ಯವಾಗಿ ರಂಜಕ, ಕರಾವಳಿ ಸಮುದ್ರದಲ್ಲಿ ಸಾರಜನಕ ನಿರ್ಣಾಯಕ.
• ಕಾರ್ಖಾನೆ ಕೊಳವೆ: ಮಾಲಿನ್ಯದ ಬಿಂದು ಮೂಲ. ಹೊಲದ ಹರಿನೀರು: ಚದುರಿದ ಮೂಲ, ಇದನ್ನು ತಡೆಯುವುದೇ ಹೆಚ್ಚು ಕಷ್ಟ.

4. ಅಮೆರಿಕ–ಕೆನಡಾ ಮಹಾಸರೋವರ ಜಲ ಗುಣಮಟ್ಟ ಒಪ್ಪಂದ: 1972; ಪರಿಷ್ಕರಣೆ 2012. ಇದರಡಿ ಈರೀಗೆ ಗುರಿ: 2008ರ ಮಟ್ಟಕ್ಕಿಂತ ರಂಜಕ ಶೇ 40 ಕಡಿತ.

5. ಕ್ರಮ: ಮಣ್ಣು ಪರೀಕ್ಷೆ, ಗೊಬ್ಬರ ಮಣ್ಣೊಳಗೆ ಹಾಕುವುದು, ಹೊದಿಕೆ ಬೆಳೆ, ಜೌಗು ಪ್ರದೇಶ ಪುನಶ್ಚೇತನ.