ಮರ ನೋಡಿ ಕೋವಿ ಕೊಂಡವನ ಪಾಠಗಳು

ಅಜ್ಜನ ಮನೆಯ ನಡುಮನೆಯಲ್ಲಿ, ಗೋಡೆಗೆ ಹೊಡೆದ ಎರಡು ಗೂಟದ ಮೇಲೆ ಒಂದು ಜೋಡಿನಳಿಗೆ ಕೋವಿ ಮಲಗಿರುತ್ತಿತ್ತು. ಬೆಳೆ ರಕ್ಷಣೆಯ ಲೈಸೆನ್ಸಿನದು. ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂರುತ್ತಿತ್ತು, ಮುಗಿದ ಮೇಲೆ ಮನೆಗೆ ಬರುತ್ತಿತ್ತು. ಅದು ಕಂಡ ಪ್ರಯಾಣ ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತ ಎಷ್ಟೋ ವರ್ಷಕ್ಕೆ ಹುಟ್ಟಿದವನು ನಾನು. ಮೂಡಿಗೆರೆ ಕಡೆಯವನಾದರೂ ಊರಿನಲ್ಲಿ ಒಂದು ಈಡೂ ಹೊಡೆದವನಲ್ಲ. ಮೊದಲ ಗುಂಡು ಹಾರಿಸಿದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಅಲ್ಲಿ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ ಒಂಬತ್ತು ದಿನ, ಬಿಳಿಬಾಲದ ಜಿಂಕೆಯ ಬಂದೂಕು ಬೇಟೆ. ಹತ್ತು ವರ್ಷದಿಂದ ಹೋಗುತ್ತಿದ್ದೇನೆ. ಮೊದಲ ಮೂರು ವರ್ಷ ಮನೆಗೆ ತಂದದ್ದು ನೆಗಡಿ ಮಾತ್ರ.

ಹಳೇ ದುಬಾರಿ ರೈಫಲ್ ತಗೊಳ್ಳಲಾ, ಹೊಸ ಅಗ್ಗದ್ದು ತಗೊಳ್ಳಲಾ ಎಂದು ಈಗೀಗ ನಮ್ಮ ಕಡೆಯ ಹುಡುಗರು ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಕೊಡಲು ನನ್ನ ಹತ್ತಿರ ಇರುವುದು ನಾನು ಮಾಡಿಕೊಂಡ ಎಡವಟ್ಟುಗಳ ಲೆಕ್ಕ.

1. ಮೊದಲು ಕಾಗದ, ಆಮೇಲೆ ಕೋವಿ

ಬೆಲೆ ವಿಚಾರಿಸುವುದಕ್ಕೆ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ತಾತ್ಕಾಲಿಕ ವೀಸಾದಲ್ಲಿರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಸುರಕ್ಷತೆಯ ಪಾಠ ಮುಗಿಸಿರಬೇಕು. ನನ್ನ ತರಗತಿಯಲ್ಲಿ ಹೆಚ್ಚಿನವರು ಹನ್ನೆರಡು, ಹದಿಮೂರು ವರ್ಷದ ಮಕ್ಕಳು. ಪರೀಕ್ಷೆಯಲ್ಲಿ ಪಕ್ಕದ ಹುಡುಗಿಗೆ ನನಗಿಂತ ನಾಲ್ಕು ಅಂಕ ಜಾಸ್ತಿ ಬಂತು.

2. ನಳಿಗೆ ಬಿಟ್ಟು ಮರ ನೋಡಿದೆ

ಅಂಗಡಿಯಲ್ಲಿ ಎರಡು ರೈಫಲ್ ಮುಂದಿಟ್ಟರು. ಒಂದು ಹೊಸದು, ಕಪ್ಪು ಪ್ಲಾಸ್ಟಿಕ್ ಹಿಡಿ, ಸ್ಕೋಪ್ ಸೇರಿ ಐನೂರು ಡಾಲರ್ ಚಿಲ್ಲರೆ. ಇನ್ನೊಂದು ಹಳೆಯದು, ಸ್ಕೋಪ್ ಇಲ್ಲದೆ ಸಾವಿರದ ನೂರು. ಆದರೆ ಅದರ ಹಿಡಿ ಅಕ್ರೋಟು ಮರದ್ದು. ಕಂದು ಮೈಯಲ್ಲಿ ಕಪ್ಪು ಗೆರೆ ಹೊಳೆಯ ಸುಳಿಯ ಹಾಗೆ ಓಡಿತ್ತು. ಕೆನ್ನೆಗೆ ಒತ್ತಿಕೊಂಡರೆ ಎಣ್ಣೆಯ ವಾಸನೆ. ಅಜ್ಜನ ನಡುಮನೆಗೆ ಹೋಗಿ ಬಂದೆ.

ಜೊತೆಗೆ ಓದಿದ ವಿದ್ಯೆಯೂ ಕೆಟ್ಟದ್ದು ಮಾಡಿತು. ವಿಂಚೆಸ್ಟರ್ ಮಾಡೆಲ್ 70 ಎನ್ನುವ ರೈಫಲ್ 1936ರಲ್ಲಿ ಬಂತು. 1964ರಲ್ಲಿ ಖರ್ಚು ಇಳಿಸಲು ಅದರ ತಯಾರಿಯನ್ನೇ ಬದಲಿಸಿದರು. ಅದಕ್ಕೇ ಅರವತ್ನಾಲ್ಕರ ಹಿಂದಿನವನ್ನು ಬೇಟೆಗಾರರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಾನು ನೋಡುತ್ತಿದ್ದ ರೈಫಲ್ ಆ ಕಂಪನಿಯದೂ ಅಲ್ಲ, ಆ ಕಾಲದ್ದೂ ಅಲ್ಲ. ಹಳೆಯದೆಲ್ಲ ಚಿನ್ನ ಎಂಬ ಗುಂಗು ಮಾತ್ರ ತಲೆಗೆ ಹತ್ತಿತ್ತು. ದುಡ್ಡು ಎಣಿಸಿಬಿಟ್ಟೆ.

ರಾತ್ರಿ ದೊಡ್ಡಪ್ಪನಿಗೆ ಫೋಟೋ ಕಳಿಸಿದೆ. ಫೋನ್ ಬಂತು. ‘ನಳಿಗೆ ಒಳಗೆ ನೋಡಿದ್ಯೇನೋ?’

‘ಇಲ್ಲ ದೊಡ್ಡಪ್ಪ.’

‘ದನ ತರಕ್ಕೆ ಹೋದೋನು ಕೊಂಬಿನ ಬಣ್ಣ ನೋಡ್ಕಂಡು ಬಂದಂಗಾಯ್ತಲ್ಲೋ ಮಾರಾಯ!’

3. ಹಳೇ ಕೋವಿಯ ಜೊತೆ ಹಳೇ ಯಜಮಾನನೂ ಬರುತ್ತಾನೆ

ನೂರು ಗಜ, ಅಂದರೆ ತೊಂಬತ್ತೊಂದು ಮೀಟರ್ ದೂರದ ಕಾಗದಕ್ಕೆ ಮೂರು ಗುಂಡು ಹೊಡೆದೆ. ಒಳ್ಳೆಯ ರೈಫಲ್ ಆದರೆ ಮೂರೂ ಒಂದು, ಒಂದೂವರೆ ಇಂಚಿನೊಳಗೆ ಬೀಳಬೇಕು. ನನ್ನವು ಅಂಗೈ ಅಗಲಕ್ಕೆ ಚೆಲ್ಲಿಕೊಂಡವು. ತೋಟಾ ಸರಿಯಿಲ್ಲ ಎಂದುಕೊಂಡು ಬೇರೆ ತಂದೆ. ಮತ್ತೆ ಬೇರೆ ತಂದೆ. ಸ್ಕೋಪ್ ಬದಲಿಸಿದೆ. ಅಷ್ಟು ಹೊತ್ತಿಗೆ ಇನ್ನೊಂದು ಹೊಸ ರೈಫಲಿನ ದುಡ್ಡು ಕರಗಿತ್ತು.

ಕೊನೆಗೆ ಪಕ್ಕದ ಮನೆಯ ಮುದುಕರು, ನಲವತ್ತು ವರ್ಷ ಬೇಟೆಯಾಡಿದವರು, ತಾಮ್ರ ಕರಗಿಸುವ ದ್ರವದಲ್ಲಿ ಒಂದು ಬಟ್ಟೆಯ ತುಂಡು ಅದ್ದಿ ನಳಿಗೆಯಲ್ಲಿ ತೂರಿಸಿದರು. ಬಿಳಿ ಬಟ್ಟೆ ನವಿಲಿನ ಕತ್ತಿನ ಬಣ್ಣವಾಗಿ ಹೊರಬಂತು. ಗುಂಡಿನ ತಾಮ್ರದ ಕವಚ ಸವೆದು ನಳಿಗೆಯ ಒಳಗೆ ಹತ್ತಿಕೊಳ್ಳುತ್ತದಂತೆ. ಹಿಂದಿನ ಯಜಮಾನ ಅದನ್ನು ಎಂದೂ ತೆಗೆದಿರಲಿಲ್ಲ. ಹೊರಗೆ ಮಾತ್ರ ದಸರಾ ಆನೆಯ ಹಾಗೆ ಇಟ್ಟಿದ್ದ. ನಾಲ್ಕು ಸಂಜೆ ಉಜ್ಜಿದ ಮೇಲೆ ಬಟ್ಟೆ ಬೆಳ್ಳಗೆ ಬಂತು. ಆಗ ಇನ್ನೊಂದು ಹುಳುಕು ಕಂಡಿತು. ನಳಿಗೆಯ ತುದಿಯ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಸಣ್ಣ ಗಾಯ. ಗುಂಡು ನಳಿಗೆ ಬಿಡುವಾಗ ಕೊನೆಯದಾಗಿ ತಾಗುವುದು ಅದೇ ಅಂಚು. ಅಲ್ಲಿ ಒಂದು ಕಡೆಯಿಂದ ಮದ್ದಿನ ಅನಿಲ ಮೊದಲು ನುಗ್ಗಿದರೆ ಗುಂಡು ಓಲಾಡುತ್ತದೆ. ತುದಿಯನ್ನು ಮತ್ತೆ ಕಡೆಸಲು ಇನ್ನಷ್ಟು ದುಡ್ಡು.

ಈಗ ಹಳೇ ಕೋವಿ ನೋಡಲು ಹೋದರೆ ಜೇಬಿನಲ್ಲಿ ಸಣ್ಣ ಟಾರ್ಚ್, ಬಿಳಿ ಬಟ್ಟೆಯ ಚೂರು ಮತ್ತು ಒಂದು ಹತ್ತು ರೂಪಾಯಿ ನೋಟು ಇರುತ್ತದೆ. ತೋಟಾ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು ನಳಿಗೆಯ ಎರಡೂ ತುದಿ ನೋಡುತ್ತೇನೆ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಮನೆಯಲ್ಲೇ ಕೈಯಾಡಿಸಿದ್ದಾರೆ ಎಂದು ಅರ್ಥ. ನೋಟು ಯಾಕೆ ಎಂಬುದು ಮುಂದಿನ ಪಾಠ.

4. ಮರ ನೀರು ಕುಡಿಯುತ್ತದೆ

ಆಷಾಢದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಮನೆಯಲ್ಲಿ ಬೆಳೆದವನಿಗೆ ಇದನ್ನು ಬೇರೆಯವರು ಹೇಳಬೇಕಾಯಿತು. ಆ ಅಕ್ಟೋಬರ್ ಪೂರ್ತಿ ಮಳೆ. ರೈಫಲನ್ನು ಶೆಡ್ಡಿನಲ್ಲಿ ಇಟ್ಟಿದ್ದೆ. ಹಿಡಿಯ ಮರ ಉಬ್ಬಿ ನಳಿಗೆಗೆ ಒತ್ತಿಕೊಂಡಿತ್ತು, ಗುರಿ ಮೂರು ಇಂಚು ಎಡಕ್ಕೆ ಸರಿದಿತ್ತು. ನೋಟನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆದರೆ ಸಲೀಸಾಗಿ ಹಿಂದಕ್ಕೆ ಹೋಗಬೇಕು. ನನ್ನದು ನಡುದಾರಿಯಲ್ಲೇ ಸಿಕ್ಕಿಕೊಂಡಿತು. ಇದು ಗೊತ್ತಾದದ್ದು ಬೇಟೆ ಮುಗಿದ ಮೇಲೆ. ಅಷ್ಟರಲ್ಲಿ ಒಂದು ಕೊಂಬಿನ ಜಿಂಕೆ ನನ್ನೆದುರು ನಿಂತು, ಗುಂಡು ಎಲ್ಲೋ ಹೋದ ಸದ್ದು ಕೇಳಿ, ನಿಧಾನವಾಗಿಯೇ ಹೊರಟುಹೋಗಿತ್ತು. ಎಲ್ಲರಿಗೂ ಮರದ ಕಥೆ ಹೇಳಿದೆ. ಕೈ ನಡುಗುತ್ತಿದ್ದದ್ದನ್ನು ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

5. ಮಲೆನಾಡಿನ ಎಣ್ಣೆ ವಿಸ್ಕಾನ್ಸಿನ್ ಚಳಿಗೆ ಆಗದು

ಎರಡನೇ ವರ್ಷ. ಊರಲ್ಲಿ ಕೋವಿಗೆ ಮಳೆಗಾಲದಲ್ಲಿ ಎಣ್ಣೆ ಮೆತ್ತುವುದು ಕಂಡಿದ್ದೆ. ಆ ಭಕ್ತಿಯಲ್ಲೇ ಬೋಲ್ಟಿನ ಒಳಗೂ ಹೊರಗೂ ಧಾರಾಳವಾಗಿ ಸುರಿದೆ. ಬೆಳಗಿನ ಜಾವ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟು, ನಮ್ಮ ಕಡೆಯವರು ಮರಸು ಕೂರುವ ಹಾಗೆ ಮರದ ಮೇಲಿನ ಅಟ್ಟಣೆಯಲ್ಲಿ ಕೂತಿದ್ದೆ. ನಲವತ್ತು ಹೆಜ್ಜೆ ದೂರಕ್ಕೆ ಒಂದು ಹೆಣ್ಣು ಜಿಂಕೆ ಬಂತು. ಹಿಮದಲ್ಲಿ ಮೂಗು ತೂರಿಸಿ ಓಕ್ ಕಾಯಿ ಹುಡುಕುತ್ತಿತ್ತು. ಮೂಗಿನ ಮೇಲೆ ಹಿಮದ ಪುಡಿ. ಉಸಿರು ಬಿಟ್ಟೆ, ಟ್ರಿಗರ್ ಎಳೆದೆ.

ಟಿಕ್.

ಒಳಗಿನ ಎಣ್ಣೆ ಡಿಸೆಂಬರಿನ ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾಗಿತ್ತು. ತೋಟಾದ ಬೆನ್ನಿಗೆ ಬಡಿಯುವ ಮುಳ್ಳು ಆ ಅಂಟಿನಲ್ಲಿ ಈಜಿ ಬಂದು ಮೆಲ್ಲಗೆ ಮುಟ್ಟಿತ್ತು. ಜಿಂಕೆ ತಲೆ ಎತ್ತಿ ನನ್ನನ್ನು ನೋಡಿತು. ತಡವಾಗಿ ಸಿಡಿಯುವ ತೋಟಾ ಇರಬಹುದೆಂದು ತರಗತಿಯಲ್ಲಿ ಕಲಿಸಿದಂತೆ ಕೋವಿಯ ಮೂತಿಯನ್ನು ನೆಲದ ಕಡೆಗೆ ಹಿಡಿದು ಕಾಯುತ್ತಿದ್ದೆ. ಅದೂ ಅಷ್ಟು ಹೊತ್ತು ನಿಂತು ನೋಡಿಕೊಂಡೇ ಹೋಯಿತು. ಈಗ ಚಳಿಗೆ ಮೊದಲು ಬೋಲ್ಟನ್ನು ಪೂರ್ತಿ ಒರೆಸಿ ಒಣಗಿಸುತ್ತೇನೆ. ಹಳೆಯದಿರಲಿ ಹೊಸದಿರಲಿ, ಈ ತಪ್ಪಿಗೆ ಎರಡರಲ್ಲೂ ಒಂದೇ ಬೆಲೆ.

6. ಅಗ್ಗದ್ದರಲ್ಲಿ ದುಡ್ಡು ಎಲ್ಲಿ ಉಳಿಸಿದ್ದಾರೆ ನೋಡಿ

ನಾಲ್ಕನೇ ವರ್ಷ ಹೊಸ ಅಗ್ಗದ್ದನ್ನು ಕೊಂಡೆ, ಸ್ವಲ್ಪ ನಾಚಿಕೆಯಿಂದಲೇ. ರುಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್ ಎನ್ನುವ ಜಾತಿಯವು ಬಂದು ಈಗ ಹದಿನೈದು ವರ್ಷದ ಆಸುಪಾಸು. ಇವುಗಳ ನಳಿಗೆಯಲ್ಲಿ ಕಂಜೂಸ್ ಮಾಡಿರುವುದಿಲ್ಲ. ಈಗಿನ ಯಂತ್ರಗಳಿಗೆ ನೇರ ನಳಿಗೆ ಮಾಡುವುದು ಹಿಂದಿನಷ್ಟು ಕಷ್ಟವಲ್ಲ. ಉಳಿಸಿರುವುದು ಹಿಡಿಯಲ್ಲಿ, ಮೈಯ ಹೊಳಪಿನಲ್ಲಿ, ತೋಟಾ ಪೆಟ್ಟಿಗೆಯಲ್ಲಿ. ಬೋಲ್ಟ್ ಎಳೆದರೆ ಮರಳು ಬಿದ್ದ ಚಿಲಕದ ಸದ್ದು. ಪ್ಲಾಸ್ಟಿಕ್ ಹಿಡಿಯ ಮುಂಭಾಗ ಎಷ್ಟು ಮೆತ್ತಗೆಂದರೆ, ಮರದ ಕೊಂಬೆಗೆ ಒತ್ತಿ ಹಿಡಿದಾಗ ಬಗ್ಗಿ ನಳಿಗೆಗೆ ತಾಗುತ್ತಿತ್ತು. ಮರವನ್ನು ಬೈದುಕೊಂಡು ಬಂದವನಿಗೆ ಅದೇ ರೋಗ! ಔಷಧಿ ಮಾತ್ರ ಪುಕ್ಕಟೆ: ಒತ್ತದೆ ಸುಮ್ಮನೆ ಆನಿಸುವುದು.

ಜೊತೆಗೆ ಬಂದ ಸ್ಕೋಪ್ ಮಾತ್ರ ನಿಜಕ್ಕೂ ಅಗ್ಗ. ಹಗಲಲ್ಲಿ ಪರವಾಗಿಲ್ಲ, ಮುಸ್ಸಂಜೆಗೆ ಕಂಬಳಿ ಹೊದ್ದಂತೆ. ಅದನ್ನು ಬದಲಿಸಿದೆ, ಉಳಿದ ದುಡ್ಡಿಗೆ ತೋಟಾ ತಂದು ಬೇಸಿಗೆಯಿಡೀ ಹೊಡೆದೆ. ಆ ನವೆಂಬರಿನಲ್ಲಿ ಮೊದಲ ಜಿಂಕೆ ಬಿತ್ತು. ಕೊತ್ತಂಬರಿ, ಮೆಣಸು ಹುರಿದು ಅರೆದು ಸಾರು ಮಾಡಿದೆವು. ಪಕ್ಕದ ಮನೆಯ ಮುದುಕರು ಬೆವರು ಒರೆಸಿಕೊಂಡು ಎರಡು ಸಲ ಹಾಕಿಸಿಕೊಂಡರು.

7. ತೋಟಾ ಸಿಗದ ಕೋವಿ ಗೋಡೆಗೆ ಚಂದ

ನನ್ನ ಹಳೇ ರೈಫಲ್ ತಿನ್ನುವುದು 1957ರಲ್ಲಿ ಬಂದ ಪಾಯಿಂಟ್ 280 ರೆಮಿಂಗ್ಟನ್ ತೋಟಾ. ಒಳ್ಳೆಯ ತೋಟಾ, ಆದರೆ ವಿಸ್ಕಾನ್ಸಿನ್‌ನ ನಮ್ಮೂರ ಅಂಗಡಿಯಲ್ಲಿ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಪಾಯಿಂಟ್ 308, ಪಾಯಿಂಟ್ 30-06 ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. 2020ರಲ್ಲಿ ಕೋವಿಡ್ ಜೊತೆಗೇ ತೋಟಾ ಬರವೂ ಬಂದಾಗ ನನ್ನ ಹಳೇ ರೈಫಲ್ ಎರಡು ವರ್ಷ ಉಪವಾಸ ಕೂತಿತು.

8. ನನ್ನ ಮಾತು ಕೇಳದವನು ಗೆದ್ದ

ಇಷ್ಟೆಲ್ಲ ಅನುಭವಿಸಿದ ಮೇಲೆ ‘ಕಣ್ಣು ಮುಚ್ಚಿಕೊಂಡು ಹೊಸದು ತಗೋ’ ಎಂದು ಸಾರತೊಡಗಿದ್ದೆ. ಹಾಸನದ ಗೆಳೆಯನೊಬ್ಬ ಕಣ್ಣು ತೆರೆದುಕೊಂಡೇ ಹೋಗಿ ಏಳುನೂರು ಡಾಲರಿಗೆ ಹಳೆಯದೊಂದನ್ನು ತಂದ. ಹಿಡಿಯ ಮೇಲೆಲ್ಲ ಗೀರು, ಯಾರೋ ಹೆಸರಿನ ಮೊದಲಕ್ಷರ ಬೇರೆ ಕೆತ್ತಿದ್ದಾರೆ. ಅದಕ್ಕೇ ಬೆಲೆ ಇಳಿದಿತ್ತು. ನಳಿಗೆ ಮಾತ್ರ ಕನ್ನಡಿ. ಬೋಲ್ಟ್ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತದೆ. ಅದರ ಮೂರು ಗುಂಡಿನ ತೂತುಗಳನ್ನು ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಿ ತೋರಿಸಿದ. ನಾಳೆ ಮಾರಿದರೂ ಅವನಿಗೆ ಹಾಕಿದ ದುಡ್ಡು ಬಂದೀತು; ನನ್ನ ಹೊಸದು ಅಂಗಡಿಯ ಹೊಸಿಲು ದಾಟಿದಾಗಲೇ ಹಳತಾಗಿತ್ತು.

ಎರಡನ್ನೂ ಇಟ್ಟುಕೊಂಡಿದ್ದೇನೆ. ಕಾಡಿಗೆ ಬರುವುದು ಪ್ಲಾಸ್ಟಿಕ್ಕು. ಆಯುಧಪೂಜೆಯ ದಿನ ಎರಡನ್ನೂ ಖಾಲಿ ಮಾಡಿ, ಬೋಲ್ಟ್ ತೆಗೆದು, ಮಣೆಯ ಮೇಲೆ ಅಕ್ಕಪಕ್ಕ ಮಲಗಿಸಿ ನನ್ನಾಕೆ ಗಂಧ ಕುಂಕುಮ ಇಡುತ್ತಾಳೆ. ಪ್ಲಾಸ್ಟಿಕ್ಕಿನ ಮೇಲಿನ ಗಂಧ ಒಣಗಿ ಸಂಜೆಗೇ ಉದುರುತ್ತದೆ. ಮರದ ಗೀರಿನಲ್ಲಿ ಮಾತ್ರ ಹೋದ ವರ್ಷದ ಕುಂಕುಮ ಇನ್ನೂ ಇದೆ. ಎಷ್ಟೋ ಸಲ ಒರೆಸಲು ಬಟ್ಟೆ ತೆಗೆದುಕೊಂಡು, ನಳಿಗೆ ಒರೆಸಿ ಇಟ್ಟುಬಿಟ್ಟಿದ್ದೇನೆ.