ಗುಳಿಗೆ ಬರೆಯುವ ಮೊದಲು ಕಾಲು ಮುಟ್ಟು

ಮಗಳೇ, ಚಿತ್ತಾಪುರದಲ್ಲಿ ದವಾಖಾನೆ ತೆರೆದಿದ್ದೀ. "ಕಾಲು ಬಾತಾವ್ರೀ, ನೀರಿನ ಗುಳಿಗಿ ಕೊಡ್ರಿ" ಎನ್ನುತ್ತ ಜನ ಬರುತ್ತಾರೆ. ಬರೆದುಕೊಡುವುದು ಸುಲಭ. ಅವಸರ ಮಾಡಬೇಡ, ಬಾವು ಎಲ್ಲಿಂದ ಬಂತೆಂದು ಮೊದಲು ಹುಡುಕು.

ನಾನು ಒಮ್ಮೆ ಹುಡುಕಲಿಲ್ಲ. ತೊಗರಿ ರಾಶಿಯ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಮೂರು ಸಲ ಬಂದಳು, ಮೂರು ಸಲವೂ ನೀರಿನ ಗುಳಿಗೆ ಬರೆದೆ. ನಾಲ್ಕನೆಯ ಸಲ, ನುಂಗುವುದನ್ನೆಲ್ಲ ತಾ ಎಂದೆ. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. ಬಿಪಿಯ ಆಮ್ಲೋಡಿಪಿನ್ 5ರಿಂದ 10 ಮಿಲಿಗ್ರಾಮಿಗೆ ಏರಿದ ತಿಂಗಳೇ ಬಾವು ಶುರುವಾಗಿತ್ತು. ಏರಿಸಿದವನು ನಾನೇ. ಗುಳಿಗೆ ಬದಲಿಸಿದ ಮೇಲೆ, ಬೆರಳಲ್ಲಿ ಹೂತುಹೋಗಿದ್ದ ಕಾಲುಂಗುರ ಸಲೀಸಾಗಿ ತಿರುಗಿತು.

ಹಾಗಾಗಿ ಕೇಳು: ಒಂದು ಕಾಲೋ, ಎರಡೋ? ನಿನ್ನೆಯದೋ, ವರ್ಷದ್ದೋ? ಒಂದೇ ಮೀನಖಂಡ ಏಕಾಏಕಿ ಬಾತು ನೋಯುತ್ತಿದ್ದರೆ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ತಿಕ್ಕಲು ಬಿಡದೆ ಅಂದೇ ಕಲಬುರಗಿಗೆ ಕಳಿಸು. ಎರಡೂ ಬಾತಿದ್ದರೆ ಮಲಗಿದಾಗ ಉಸಿರು ಕಟ್ಟುವುದೇ ಕೇಳು, ಕುತ್ತಿಗೆಯ ನರ ನೋಡು. ಮೂತ್ರದ ಪ್ರೋಟೀನ್, ಕ್ರಿಯೇಟಿನಿನ್, ಹಿಮೋಗ್ಲೋಬಿನ್, ಲಿವರ್, ಥೈರಾಯ್ಡ್ ಪರೀಕ್ಷಿಸು. ಬಸುರಿಯನ್ನು ಬಿಪಿ ನೋಡದೆ ಮನೆಗೆ ಕಳಿಸಬೇಡ. ಶಹಾಬಾದಿನ ಫರ್ಸಿ ಖಣಿಯಲ್ಲಿ ದಿನವಿಡೀ ನಿಂತು ದುಡಿಯುವವನನ್ನು ನಿಲ್ಲಿಸಿಯೇ ನೋಡು, ಮಲಗಿದಾಗ ಅಡಗುವ ಉಬ್ಬುನರ ಆಗ ಕಾಣುತ್ತದೆ. ಮೊಣಕಾಲಿಗೆಂದು ನುಂಗುವ ನೋವಿನ ಗುಳಿಗೆಯ ಮಾತೂ ತೆಗೆ. ಅದು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ.

ಇನ್ನು ನಮ್ಮ ಸೀಮೆಯ ಆನೆಕಾಲು. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಊರೂರಿಗೆ ಗುಳಿಗೆ ನುಂಗಿಸಿದ್ದು ಇದಕ್ಕಾಗಿಯೇ. ಕೊಳೆನೀರಿನ ಕ್ಯೂಲೆಕ್ಸ್ ಸೊಳ್ಳೆ ಹರಡುವ ಹುಳು ದುಗ್ಧನಾಳ ಕೆಡಿಸುತ್ತದೆ. ಕಾಲಿನ ಎರಡನೆಯ ಬೆರಳ ಬುಡದ ಚರ್ಮ ಚಿವುಟು. ಎತ್ತಲು ಬಾರದಿದ್ದರೆ ದುಗ್ಧನಾಳದ ಬಾವೆಂದು ತಿಳಿ. ಮರಿಹುಳು ರಾತ್ರಿ ಹೊತ್ತು ರಕ್ತಕ್ಕೆ ಬರುವುದರಿಂದ ರಾತ್ರಿ 10ರ ಮೇಲೆ ರಕ್ತ ತೆಗೆಸು. ಹಳೆಯ ಬಾವಿನಲ್ಲಿ ಹುಳು ಸಿಗದೆಯೂ ಇರಬಹುದು, ಆಗ ರೋಗವೇ ಇಲ್ಲವೆಂದು ಕೈಬಿಡಬೇಡ.

ಅಂಥವರು ಕಾಲನ್ನು ಸೀರೆಯಲ್ಲಿ, ಧೋತರದಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿರುತ್ತಾರೆ. ಒಂದು ಬೋಗಣಿ ನೀರು, ಸಾಬೂನು ತರಿಸು. ನೆಲಕ್ಕೆ ಕೂತು ಆ ಕಾಲು ನೀನೇ ತೊಳೆ, ಬೆರಳ ಸಂದು ಒಣಬಟ್ಟೆಯಿಂದ ಒರೆಸು, ಸೀಳಿದ್ದಲ್ಲಿ ಮುಲಾಮು ಹಚ್ಚು. ದಿನಾ ಹೀಗೆ ಮಾಡಿದರೆ ಜ್ವರ, ಸೋಂಕು ಪದೇ ಪದೇ ಬರುವುದು ತಗ್ಗುತ್ತದೆ. ವೈದ್ಯರು ಮುಟ್ಟಿ ತೊಳೆದ ಕಾಲನ್ನು ಮನೆಯವರೂ ಮುಟ್ಟುತ್ತಾರೆ.