ಸೂರಿನಡಿಯ ನೆರೆಯವರು: ಗೂಡುಪೆಟ್ಟಿಗೆಗಳನ್ನು ಕುರಿತು ಒಂದು ಪಾಠ

ಹಕ್ಕಿಯ ಬಾಳಿಗೆ ಎರಡು ವಸ್ತುಗಳು ಅವಶ್ಯಕವೆಂದು ನಾವು ಪ್ರಕೃತಿಪಾಠದ ಮೊದಲಿನಲ್ಲಿಯೇ ಹುಡುಗಿಯರಿಗೆ ಹೇಳಿಕೊಡುತ್ತೇವೆ: ಒಂದು ಆಹಾರ, ಇನ್ನೊಂದು ಮರಿಮಾಡುವ ನೆಲೆ. ಇವುಗಳಲ್ಲಿ ಒಂದಿದ್ದು ಒಂದಿಲ್ಲದಿದ್ದರೆ ಆ ಹಕ್ಕಿಯ ಕುಲವು ಬೆಳೆಯಲಾರದು. ಕಾಗೆಯು ಮರದ ಕವಲಿನಲ್ಲಿ ಕಡ್ಡಿಗಳನ್ನು ಜೋಡಿಸುವುದು. ಗೀಜಗವು ಹುಲ್ಲಿನೆಳೆಗಳಿಂದ ತೂಗುಗೂಡನ್ನು ನೇಯುವುದು. ಟಿಟ್ಟಿಭವು ಬರಿಯ ನೆಲದಲ್ಲಿಯೇ ಮೊಟ್ಟೆಯಿಡುವುದು. ಮರಕುಟಿಗವು ತನ್ನ ಪೊಟರೆಯನ್ನು ತಾನೇ ಕೊರೆದುಕೊಳ್ಳುವುದು. ಆದರೆ ಪೊಟರೆ ಬೇಕು, ಅದನ್ನು ಕೊರೆಯತಕ್ಕ ಕೊಕ್ಕು ಇಲ್ಲ, ಎಂಬ ಸ್ಥಿತಿಯ ಹಕ್ಕಿಗಳೂ ಹಲವಿರುವುವು. ಗುಬ್ಬಿ, ಗೊರವಂಕ, ಮಡಿವಾಳ ಹಕ್ಕಿ, ಹಾಲಕ್ಕಿ ಇವೆಲ್ಲ ಈ ವರ್ಗಕ್ಕೆ ಸೇರಿದವು. ಮುದಿಮರದ ಪೊಟರೆಯನ್ನೋ ಮನೆಯ ಗೋಡೆಯ ಸಂದನ್ನೋ ನಂಬಿ ಇವು ಬಾಳುವುವು. ಮರವನ್ನು ಕಡಿದು, ಸಂದನ್ನು ಗಾರೆಯಿಂದ ಮುಚ್ಚಿದರೆ, ಸುತ್ತಲೂ ಹುಳುಹುಪ್ಪಟೆ ಎಷ್ಟೇ ಇದ್ದರೂ ಇವಕ್ಕೆ ಸಂತಾನವಿಲ್ಲ. ಗೂಡುಪೆಟ್ಟಿಗೆಯೆಂಬ ಉಪಾಯವು ಈ ಕೊರತೆಯನ್ನು ನೀಗಿಸುವುದಕ್ಕಾಗಿಯೇ ಹುಟ್ಟಿತು.

ಈ ವರುಷ ನಮ್ಮ ಶಾಲೆಯ ಮುಖಮಂಟಪದ ದುರಸ್ತಿಯ ಮಾತು ಬಂದಾಗ, ಅದರ ಛಾವಣಿಗೆ ಅಂಟಿಕೊಂಡಿರುವ ಬಾನಾಡಿಗಳ ಗೂಡುಗಳನ್ನು ಕೆರೆದು ತೆಗೆಯಬಾರದೇಕೆಂದು ಪೋಷಕರಲ್ಲಿ ಕೆಲವರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಬರಿಯ ಮರುಕದಿಂದಲ್ಲದೆ ತಿಳಿವಳಿಕೆಯಿಂದ ಉತ್ತರ ಹೇಳುವುದು ಶಾಲೆಯ ಕರ್ತವ್ಯವೆಂದು ನಾವು ಭಾವಿಸಿ ಈ ಪಾಠವನ್ನು ಬರೆಯುತ್ತೇವೆ.

ಇಂಗ್ಲಿಷಿನಲ್ಲಿ ಸ್ವಿಫ್ಟ್ ಎಂದು ಕರೆಯಲ್ಪಡುವ ಈ ಹಕ್ಕಿಗಳನ್ನು ನೋಡಿದವರು ಕವಲುತೋಕೆಯ ಬಂಧುಗಳೆಂದು ತಿಳಿಯುವುದುಂಟು. ಆದರೆ ಶಾಸ್ತ್ರಜ್ಞರ ಗಣನೆಯಲ್ಲಿ ಇವಕ್ಕೆ ಹತ್ತಿರದ ನೆಂಟು ಅಮೆರಿಕ ಖಂಡದ ಝೇಂಕಾರದ ಹಕ್ಕಿಗಳೊಡನೆ. ಇವುಗಳ ಶಾಸ್ತ್ರೀಯ ನಾಮವಾದ ಏಪಸ್ ಎಂಬುದು ಕಾಲಿಲ್ಲದ್ದು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. ಕಾಲುಗಳಿಲ್ಲದೆ ಇಲ್ಲ, ಆದರೆ ಅವು ಬಹು ಗಿಡ್ಡ. ಗೋಡೆಯನ್ನು ಹಿಡಿದು ತೂಗಾಡುವುದಕ್ಕೆ ಅವು ಸಾಕು, ಕೊಂಬೆಯ ಮೇಲೆ ಕೂಡುವುದಕ್ಕೆ ಸಾಲವು. ತಿನ್ನುವುದು, ಕುಡಿಯುವುದು, ನಿದ್ರಿಸುವುದು ಸಹ ಇವಕ್ಕೆ ಆಕಾಶದಲ್ಲಿಯೇ. ಯೂರೋಪಿನ ಸಾಮಾನ್ಯ ಬಾನಾಡಿಗಳಲ್ಲಿ ಕೆಲವು ಮರಿಮಾಡದ ಹತ್ತು ತಿಂಗಳ ಕಾಲವನ್ನು ಹೆಚ್ಚುಕಡಮೆ ನೆಲ ಮುಟ್ಟದೆಯೇ ಕಳೆಯುವುವೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಪ್ರಕಟಿಸಿದರು. ಸುಮಾರು ೪೦ ಗ್ರಾಂ ತೂಕದ ಒಂದು ಜೀವಿಯ ಸಾಹಸವಿದು! ಇಂತಹ ಹಕ್ಕಿಯೂ ಮೊಟ್ಟೆಯಿಡುವುದಕ್ಕೆ ಮಾತ್ರ ಒಂದು ಗಟ್ಟಿನೆಲೆಯನ್ನು ಆಶ್ರಯಿಸಲೇಬೇಕು.

ಇಂಗ್ಲೆಂಡಿನಲ್ಲಿ ಆ ನೆಲೆಯು ಬಹುಕಾಲದಿಂದ ಹಳೆಯ ಮನೆಗಳ ಸೂರು ಮತ್ತು ಚರ್ಚುಗಳ ಗಂಟೆಗೋಪುರ. ಈ ಹಕ್ಕಿಗಳು ಆಫ್ರಿಕದಿಂದ ಹಾರಿ ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಅಲ್ಲಿಗೆ ಬಂದು, ಎರಡು ಮೂರು ಮೊಟ್ಟೆಗಳನ್ನಿಟ್ಟು, ಸುಮಾರು ೨೦ ದಿನ ಕಾವು ಕೂತು, ಆರು ವಾರಗಳಷ್ಟು ಕಾಲ ಮರಿಗಳನ್ನು ಸಾಕಿ, ಆಗಸ್ಟಿನಲ್ಲಿ ಹೊರಟುಹೋಗುವುವು. ಜೋಡಿಯು ವರುಷವರುಷವೂ ತನ್ನ ಹಳೆಯ ಸಂದಿಗೇ ಮರಳುವುದು. ಚಳಿ ತಡೆಯುವುದಕ್ಕೆಂದು ಮನೆಯವರು ಸೂರಿನ ಸಂದುಗಳನ್ನು ಮುಚ್ಚಿಸಿದಾಗ, ಸಾವಿರಾರು ಮೈಲಿ ಹಾರಿಬಂದ ಹಕ್ಕಿಯು ಮುಚ್ಚಿದ ಬಾಗಿಲನ್ನು ಕಾಣುವುದು. ಹುಳುಗಳೂ ಕಡಮೆಯಾಗಿವೆ. ೧೯೯೫ರಿಂದ ಈಚೆಗೆ ಬ್ರಿಟನ್ನಿನಲ್ಲಿ ಇವುಗಳ ಸಂಖ್ಯೆಯು ಅರ್ಧಕ್ಕಿಂತಲೂ ಹೆಚ್ಚು ಇಳಿದುಹೋಯಿತು. ೨೦೨೧ರಲ್ಲಿ ಅಲ್ಲಿನವರು ಇವನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಿದರು.

ಪೆಟ್ಟಿಗೆಯಿಂದ ಪ್ರಯೋಜನವುಂಟೇ ಎಂದರೆ, ಉಂಟು. ಆಕ್ಸ್‌ಫರ್ಡಿನ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದ ಗೋಪುರದಲ್ಲಿ ಬಾನಾಡಿಗಳ ಅಧ್ಯಯನವು ೧೯೪೮ರಲ್ಲಿ ಆರಂಭವಾಯಿತು. ಗೋಪುರದ ಗಾಳಿಗಂಡಿಗಳ ಹಿಂದೆ ಪೆಟ್ಟಿಗೆಗಳನ್ನು ಇಟ್ಟು, ಒಳಗಿನಿಂದ ಗಾಜಿನ ಮೂಲಕ ನೋಡುವಂತೆ ಮಾಡಿದರು. ಡೇವಿಡ್ ಲ್ಯಾಕ್ ಎಂಬ ವಿದ್ವಾಂಸರು ಅಲ್ಲಿ ಕಂಡುದನ್ನು ೧೯೫೬ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಮಳೆಗಾಳಿಯಿಂದ ಹುಳು ಸಿಕ್ಕದ ದಿನಗಳಲ್ಲಿ ಮರಿಗಳು ಮೈಯ ಶಾಖವನ್ನು ತಗ್ಗಿಸಿಕೊಂಡು ಮರವಟ್ಟಂತಿದ್ದು ಜೀವ ಉಳಿಸಿಕೊಳ್ಳುವ ವಿಚಿತ್ರವು ಇಂತಹ ಗೂಡುಗಳನ್ನು ನೋಡಿದ್ದರಿಂದಲೇ ಚೆನ್ನಾಗಿ ತಿಳಿದುಬಂದಿತು.

ಆ ಪೆಟ್ಟಿಗೆಯನ್ನು ಮಾಡುವ ಕ್ರಮವೂ ಕಾರಣಗಳೂ ಹೀಗಿವೆ. ಉದ್ದ ಸುಮಾರು ೪೦ ಸೆಂಟಿಮೀಟರ್, ಅಗಲ ೨೦, ಎತ್ತರ ೧೫. ಬಾಗಿಲು ದುಂಡಗಿರದೆ ೬೫ ಮಿಲಿಮೀಟರ್ ಉದ್ದ, ೨೮ ಮಿಲಿಮೀಟರ್ ಎತ್ತರದ ಸೀಳಾಗಿರಬೇಕು. ಇದಕ್ಕಿಂತ ಎತ್ತರವಾದರೆ ಸ್ಟಾರ್ಲಿಂಗ್ ಎಂಬ ದೊಡ್ಡ ಹಕ್ಕಿ ನುಗ್ಗುವುದು. ಬಾಗಿಲ ಮುಂದೆ ಕಡ್ಡಿ ಚುಚ್ಚಬಾರದು. ಬಾನಾಡಿಗೆ ಅದು ಬೇಡ, ಶತ್ರುವಿಗೆ ಅದು ಮೆಟ್ಟಿಲು. ಒಳಗಿನ ಹಲಗೆ ಒರಟಾಗಿರಬೇಕು, ಒಳಗೆ ಬಣ್ಣ ಬಳಿಯಬಾರದು. ತಳದಲ್ಲಿ ತಟ್ಟೆಯಂತೆ ತಗ್ಗಾದ ಒಂದು ಗೂಡಿನಚ್ಚನ್ನು ಅಂಟಿಸಿದರೆ ಮೊಟ್ಟೆ ಉರುಳದು. ನೆಲದಿಂದ ೫ ಮೀಟರಿಗೆ ಕಡಮೆಯಿಲ್ಲದ ಎತ್ತರದಲ್ಲಿ, ನಡುಹಗಲಿನ ಬಿಸಿಲು ಬೀಳದ ಸೂರಿನ ಕೆಳಗೆ ತೂಗಿಸಬೇಕು. ಎದುರಿಗೆ ಮರವಾಗಲಿ ತಂತಿಯಾಗಲಿ ಇರಬಾರದು. ಬಾನಾಡಿಯು ಹೊರಡುವಾಗ ಮೊದಲು ಕೆಳಕ್ಕೆ ಜಾರಿ, ಆಮೇಲೆ ಮೇಲಕ್ಕೇರುವುದು. ಇಷ್ಟು ಮಾಡಿಯೂ ಕೆಲವು ವರುಷ ಕಾಯಬೇಕಾಗಬಹುದು. ಹಳೆಯ ಜೋಡಿಗಳು ತಮ್ಮ ನೆಲೆಯನ್ನು ಬಿಡವು. ಹೊಸ ಮನೆಯನ್ನು ಹುಡುಕುವವು ಎರಡು ಮೂರು ವರುಷದ ಎಳೆಯ ಹಕ್ಕಿಗಳು. ಆದುದರಿಂದ ಅವು ಸುತ್ತಾಡುವ ಬೇಸಗೆಯ ತಿಂಗಳುಗಳಲ್ಲಿ ಬಾನಾಡಿಗಳ ಕೂಗನ್ನು ಧ್ವನಿಯಂತ್ರದಿಂದ ಕೇಳಿಸಿ ಕರೆಯುವ ಪದ್ಧತಿಯೂ ಅಲ್ಲುಂಟು. ಹೊಸಮನೆ ಕಟ್ಟುವವರು ಟೊಳ್ಳಾದ ಇಟ್ಟಿಗೆಯನ್ನು ಗೋಡೆಯಲ್ಲಿಯೇ ಕೂಡಿಸುವರು.

ಇನ್ನು ನಮ್ಮ ನಾಡಿನ ಮಾತು. ಮೇಲಿನ ಅಳತೆಗಳನ್ನು ಹಾಗೆಯೇ ಇಲ್ಲಿಗೆ ತಂದರೆ ಫಲವಿಲ್ಲ; ಹಕ್ಕಿ ಬೇರೆ, ಅಭ್ಯಾಸ ಬೇರೆ. ಜೋಗದ ಬಂಡೆಗಳಲ್ಲಿ ವಾಸಿಸುವ ದೊಡ್ಡ ಬಾನಾಡಿಗೆ ಮನುಷ್ಯನ ನೆರವು ಬೇಕಿಲ್ಲ. ತಾಳೆಯ ಬಾನಾಡಿಯು ತಾಳೆಗರಿಯ ಅಡಿಯಲ್ಲಿ ಎಂಜಲಿನಿಂದ ಪುಟ್ಟ ಬಟ್ಟಲನ್ನು ಅಂಟಿಸುವುದು; ಅದಕ್ಕೆ ಮರವನ್ನು ಉಳಿಸುವುದೇ ಉಪಕಾರ. ನಮ್ಮ ಮುಖಮಂಟಪದ ಹಕ್ಕಿಯಾದರೋ ಬೆನ್ನಿನ ತುದಿಯಲ್ಲಿ ಬಿಳಿಯ ಪಟ್ಟೆಯುಳ್ಳ ಸಣ್ಣ ಬಾನಾಡಿ. ಇದು ಪೊಟರೆಯನ್ನು ಹುಡುಕದೆ, ಗೋಡೆಯೂ ಛಾವಣಿಯೂ ಕೂಡುವ ಮೂಲೆಯಲ್ಲಿ ಗರಿ, ಹುಲ್ಲುಗಳನ್ನು ಎಂಜಲಿನಿಂದ ಬೆಸೆದು, ಒಂದಕ್ಕೊಂದು ತಾಗಿದಂತೆ ಗೂಡುಗಳ ಕೇರಿಯನ್ನೇ ಕಟ್ಟುವುದು. ಮರಿಮಾಡಿದ ಮೇಲೆಯೂ ರಾತ್ರಿಯ ತಂಗುವಿಕೆಗೆ ಆ ಗೂಡುಗಳೇ ಬೇಕು. ಇದಕ್ಕೆ ನಾವು ಪೆಟ್ಟಿಗೆ ತೂಗಿಸಬೇಕಾದುದಿಲ್ಲ. ಕಟ್ಟಿದುದನ್ನು ಕೆಡವದಿದ್ದರೆ ಸಾಕು.

ಪೆಟ್ಟಿಗೆಯು ನಿಜವಾಗಿ ಬೇಕಾಗಿರುವುದು ಗುಬ್ಬಿಗೆ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಆ ಹೆಂಚು ಹೊದಿಸಿದ ಮನೆಗಳೂ ಶಾಲೆಗಳೂ ನಾಡಿನಲ್ಲಿ ಹಬ್ಬಿದವು. ಗೋಡೆಯ ತಲೆಗೂ ಹೆಂಚಿಗೂ ನಡುವಣ ಸಂದು ಗುಬ್ಬಿಯ ತೌರುಮನೆಯಾಯಿತು. ಈಗಿನ ಕಾಂಕ್ರೀಟಿನ ಮನೆಗೆ ಅಂತಹ ಸಂದಿಲ್ಲ. ೨೦೧೦ರಿಂದ ಪ್ರತಿ ವರುಷ ಮಾರ್ಚಿ ೨೦ರಂದು ಗುಬ್ಬಚ್ಚಿಯ ದಿನವನ್ನು ಆಚರಿಸುತ್ತಿರುವುದು ಈ ಹಕ್ಕಿಯ ಕಡೆಗೆ ಜನರ ಗಮನವನ್ನು ಸೆಳೆಯುವುದಕ್ಕಾಗಿಯೇ. ಗುಬ್ಬಿಯ ಪೆಟ್ಟಿಗೆಗೆ ೩೨ ಮಿಲಿಮೀಟರಿನ ದುಂಡು ಬಾಗಿಲು ಸಾಕು. ಮರದ ಹಲಗೆಯೇ ಉತ್ತಮ. ತಗಡು ಬಿಸಿಲಿಗೆ ಕಾದು ಮರಿಗಳನ್ನು ಬೇಯಿಸುವುದು. ತಳದಲ್ಲಿ ನೀರಿಳಿಯುವುದಕ್ಕೆ ಎರಡು ಮೂರು ಸಣ್ಣ ತೂತುಗಳಿರಲಿ. ಬೆಕ್ಕು ಹತ್ತಲಾಗದ ಗೋಡೆಯಲ್ಲಿ, ನೆರಳಿನಲ್ಲಿ, ಅಲುಗಾಡದಂತೆ ಬಿಗಿಯಬೇಕು. ಗುಬ್ಬಿಗಳಿಗೆ ನೆರೆಹೊರೆ ಇಷ್ಟವಾದುದರಿಂದ ಒಂದಕ್ಕಿಂತ ಎರಡು ಮೂರು ಪೆಟ್ಟಿಗೆಗಳು ಮೇಲು. ಮರಿಗಳಿಗೆ ಕಾಳಲ್ಲ, ಮೆತ್ತಗಿನ ಹುಳುಗಳೇ ಬೇಕು. ಆದುದರಿಂದ ಹಿತ್ತಲಿಗೆ ವಿಷ ಸಿಂಪಡಿಸುತ್ತ ಗೋಡೆಗೆ ಪೆಟ್ಟಿಗೆ ತೂಗಿಸುವುದು ಬರಿಯ ಎಲೆ ಹಾಕಿ ಊಟಕ್ಕೆ ಕರೆದಂತೆ.

ಗೂಡುಗಳಿಂದ ಹಿಕ್ಕೆ ಬಿದ್ದು ನೆಲ ಕೆಡುವುದೆಂಬ ಪೋಷಕರ ಮಾತು ಸುಳ್ಳಲ್ಲ. ಅದಕ್ಕೆ ಗೂಡುಗಳ ಕೆಳಗೆ ಗೋಡೆಗೆ ಒಂದು ಹಲಗೆಯನ್ನು ಬಡಿದು, ಆಗಾಗ ನೀರು ಚಿಮುಕಿಸಿ ಒರಸಿ ತೆಗೆದರೆ ತೀರಿತು. ಒಣಗಿದ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸಬಾರದು. ಮುಖಮಂಟಪದ ವಿಷಯದಲ್ಲಿ ನಾವು ಗೊತ್ತುಮಾಡಿರುವುದು ಇದು: ಬಿರುಕುಬಿಟ್ಟ ಭಾಗದ ಕೆಲಸವು ಆ ಕಡೆಯ ಗೂಡುಗಳಲ್ಲಿ ಮರಿಗಳಿಲ್ಲದ ಕಾಲಕ್ಕೆ ನಡೆಯತಕ್ಕದ್ದು, ಗಟ್ಟಿಯಾಗಿರುವ ಭಾಗದ ಗೂಡುಗಳನ್ನು ಮುಟ್ಟತಕ್ಕದ್ದಲ್ಲ, ಹೊಸ ಗಾರೆಯ ಮೂಲೆಗಳನ್ನು ನುಣುಪು ಮಾಡದೆ ಒರಟಾಗಿಯೇ ಬಿಡತಕ್ಕದ್ದು. ಹಲಗೆಯ ಶುಚಿತ್ವವನ್ನು ಎಂಟನೆಯ ತರಗತಿಯ ಹುಡುಗಿಯರು ಸರದಿಯ ಮೇಲೆ ವಹಿಸಿಕೊಂಡಿರುವರು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಸ್ವಂತ ಮನೆ ಕಟ್ಟಿಸುತ್ತಿರುವರು, ಇಲ್ಲವೆ ಹಿರಿಯರ ಮನೆಯನ್ನು ದುರಸ್ತಿ ಮಾಡಿಸುತ್ತಿರುವರು. ಅವರಲ್ಲಿ ನಮ್ಮದೊಂದು ಕೋರಿಕೆ. ಮೇಸ್ತ್ರಿಯು ಗೋಡೆಯ ಸಂದನ್ನು ಮುಚ್ಚುವುದಕ್ಕೆ ಮುಂಚೆ, ಮಕ್ಕಳನ್ನು ಕರೆದು ಒಂದು ವಾರ ಮುಂಜಾನೆ ಸಂಜೆಗಳಲ್ಲಿ ಆ ಕಡೆ ನೋಡುವಂತೆ ಹೇಳಿರಿ. ಯಾವ ಹಕ್ಕಿ ಒಳಹೋಗುವುದು? ಕೊಕ್ಕಿನಲ್ಲಿ ಹುಲ್ಲಿದೆಯೋ, ಹುಳುವಿದೆಯೋ? ಒಳಗಿನಿಂದ ಮರಿಗಳ ದನಿ ಕೇಳಿಸುವುದೋ? ಹುಲ್ಲಾದರೆ ಗೂಡು ಇನ್ನೂ ಆಗುತ್ತಿದೆ. ಹುಳುವಾದರೆ ಮರಿಗಳಿವೆ, ಕೆಲಸವು ಕೆಲವು ವಾರ ಕಾಯಲಿ. ಮುಚ್ಚಲೇಬೇಕಾದ ಸಂದಾದರೆ, ಮರಿಗಳು ಹಾರಿಹೋದ ಮೇಲೆ ಮುಚ್ಚಿಸಿ, ಅದರ ಬಳಿಯಲ್ಲಿಯೇ ಒಂದು ಪೆಟ್ಟಿಗೆಯನ್ನು ಬಿಗಿಸಿರಿ. ಆ ಪ್ರಶ್ನೆಗಳ ಉತ್ತರವನ್ನು ಮಕ್ಕಳ ಕೈಯಿಂದಲೇ ಬರೆಯಿಸಿ ಶಾಲೆಗೆ ಕಳುಹಿಸಿದರೆ, ಪಾಠದ ವೇಳೆಯಲ್ಲಿ ತರಗತಿಯಲ್ಲಿ ಓದಿಸುವೆವು.